ಕ್ಯಾಮೆರಾ ಪಕ್ಕದ ಮುಖ

ಕನ್ನಡಕದ ಅಂಗಡಿಯ ಮಗ್ಗುಲಲ್ಲಿ ಒಂದು ಇಕ್ಕಟ್ಟಾದ ಮೆಟ್ಟಿಲಸಾಲು. ಹತ್ತಿ ಹೋದರೆ ಎರಡು ಕೋಣೆಗಳ ಸ್ಟುಡಿಯೋ. ಕೆಳಗಿನ ಅಂಗಡಿ ಗಂಡನದು, ಮೇಲಿನ ಸ್ಟುಡಿಯೋ ಹೆಂಡತಿಯದು. ಗಂಡನನ್ನು ಜನ ಕನ್ನಡಕದ ಯಜಮಾನರು ಎನ್ನುತ್ತಿದ್ದರು. ಹೆಂಡತಿಯನ್ನು ಮಾತ್ರ, ಆಕೆಗಿಂತ ಹಿರಿಯರಾದವರೂ ಸೇರಿದಂತೆ, ಎಲ್ಲರೂ ‘ಸ್ಟುಡಿಯೋ ಅಕ್ಕ’ ಎಂದೇ ಕರೆಯುತ್ತಿದ್ದರು.

ಅಕ್ಕ ಸಮಾರಂಭಗಳಿಗೆ ಹೋಗುತ್ತಿರಲಿಲ್ಲ. ಕಟ್ಟಡ, ಹೂವು, ಸೂರ್ಯಾಸ್ತಗಳ ಗೊಡವೆಗೂ ಹೋಗುತ್ತಿರಲಿಲ್ಲ. ಮುಖ, ಕತ್ತು, ಅರ್ಧ ಭುಜ, ಇಷ್ಟೇ ಆಕೆಯ ಸೀಮೆ. ವಕೀಲರು, ಬ್ಯಾಂಕಿನವರು, ಪ್ರಾಧ್ಯಾಪಕರು, ಹೊಸ ಕೆಲಸಕ್ಕೆ ಅರ್ಜಿ ಹಾಕುವವರು, ಹೀಗೆ ತಮ್ಮ ಹೆಸರಿನ ಪಕ್ಕದಲ್ಲಿ ಒಂದು ಭಾವಚಿತ್ರ ಬೇಕಾದವರೆಲ್ಲ ಆ ಮೆಟ್ಟಿಲು ಹತ್ತುತ್ತಿದ್ದರು. ಬೂದುಬಣ್ಣದ ಪರದೆ, ಬೆನ್ನಿಲ್ಲದ ಒಂದು ಸ್ಟೂಲು, ಕ್ಯಾಮೆರಾದ ಎಡಗಡೆ ತುಸು ಎತ್ತರದಲ್ಲಿ ಬಿಳಿಬಟ್ಟೆಯ ಹಿಂದೆ ಉರಿಯುವ ಒಂದು ದೊಡ್ಡ ದೀಪ, ಅದರ ಎದುರಿಗೆ ಬೆಳಕನ್ನು ಮರಳಿಸಲು ಒಂದು ಬಿಳಿ ಹಲಗೆ. ಕೂತವರ ಒಂದು ಕೆನ್ನೆ ಬೆಳಗುತ್ತಿತ್ತು, ಇನ್ನೊಂದು ಮೆಲ್ಲಗೆ ನೆರಳಿಗೆ ಜಾರುತ್ತಿತ್ತು. ದುಂಡುಮುಖದವರಿಗೆ ಹಲಗೆಯನ್ನು ದೂರ ಸರಿಸಿ ನೆರಳನ್ನು ಗಾಢ ಮಾಡುವಳು. ಕೆನ್ನೆ ಬತ್ತಿದವರಿಗೆ ಹತ್ತಿರ ತರುವಳು. ಬೋಳುತಲೆಯವರು ಬಂದರೆ ದೀಪವನ್ನು ಒಂದು ಗೇಣು ಇಳಿಸುವಳು. ಕನ್ನಡಕದವರು ಬಂದರೆ ಗಾಜಿನಲ್ಲಿ ದೀಪ ಹೊಳೆಯದ ಕೋನ ಸಿಗುವವರೆಗೆ ಗದ್ದ ಮೇಲೆ ಕೆಳಗೆ ಮಾಡಿಸಿ, ಕಡೆಗೆ ಮೆಟ್ಟಿಲ ಕಡೆ ತಿರುಗಿ ಗಂಡನನ್ನು ಬೈಯುವಳು.

"ರೀ, ಎಂಥ ಗಾಜು ಹಾಕಿ ಕೊಡ್ತೀರಿ ನೀವು? ಬಂದವರ ಕಣ್ಣಲ್ಲಿ ಎರಡೆರಡು ಬಲ್ಬು ಉರೀತಿದೆ."

"ಕಣ್ಣು ಕಾಣಲಿ ಅಂತ ಹಾಕೋದು ಕಣೇ, ಕಾಣಿಸಲಿ ಅಂತಲ್ಲ," ಎಂದು ಕೆಳಗಿನಿಂದ ಉತ್ತರ ಬರುತ್ತಿತ್ತು.

ಆದರೆ ಬೆಳಕಿನ ಕೆಲಸ ಕಲಿತರೆ ಯಾರಿಗಾದರೂ ಬಂದೀತು. ಅಕ್ಕನನ್ನು ಬೇರೆಯವರಿಂದ ಬೇರೆ ಮಾಡಿದ್ದು ಅನಂತರದ ಕೆಲಸ. ಆಕೆ ಕ್ಯಾಮೆರಾದ ಹಿಂದೆ ನಿಲ್ಲುತ್ತಿರಲಿಲ್ಲ, ಪಕ್ಕದಲ್ಲಿ ನಿಲ್ಲುತ್ತಿದ್ದಳು. ಮುಕ್ಕಾಲಿಯ ಮೇಲೆ ಕ್ಯಾಮೆರಾ. ಅದರಿಂದ ಹೊರಟ ವೈರಿನ ತುದಿಯ ಗುಂಡಿ ಅವಳ ಅಂಗೈಯಲ್ಲಿ. ‘ನಗಿ’ ಎನ್ನುತ್ತಿರಲಿಲ್ಲ. ನಗಿ ಎಂದ ಕೂಡಲೆ ಜನ ಹಲ್ಲು ಕಿರಿಯುತ್ತಾರೆ, ಕಣ್ಣು ಮಾತ್ರ ಬೆದರಿಕೊಂಡೇ ಇರುತ್ತದೆ ಎಂಬುದು ಆಕೆಯ ಅನುಭವ. ಎದುರಿಗಿರುವವರ ಭುಜ ತುಸು ತಿರುಗಿಸಿ, ಗದ್ದ ಕೊಂಚ ಮುಂದೆ ತರಿಸಿ, ಆಮೇಲೆ ಆಕೆ ಮೌನವಾಗಿ ತನ್ನ ಮುಖವನ್ನು ಸಡಿಲಿಸುತ್ತಿದ್ದಳು. ಹುಬ್ಬಿನ ನಡುವಿನ ಗಂಟು ಬಿಚ್ಚಿಕೊಳ್ಳುತ್ತಿತ್ತು, ಕಣ್ಣಿನ ಕೆಳಗೆ ಸಣ್ಣದೊಂದು ಮಡಿಕೆ ಮೂಡುತ್ತಿತ್ತು, ಬಾಯಿಯ ಎರಡೂ ಕೊನೆ ಕೂದಲೆಳೆಯಷ್ಟು ಮೇಲೇಳುತ್ತಿದ್ದವು. ನೋಡುತ್ತ ಕೂತವರ ಮುಖವೂ ಅವರಿಗೇ ತಿಳಿಯದಂತೆ ಹಾಗೇ ಸಡಿಲವಾಗುತ್ತಿತ್ತು. ಆಗ ಗುಂಡಿ ಒತ್ತುತ್ತಿದ್ದಳು. ಕೂತವರಿಗೆ ಫೋಟೋ ತೆಗೆದದ್ದೇ ಗೊತ್ತಾಗುತ್ತಿರಲಿಲ್ಲ.

ಹೀಗಾಗಿ ಆ ಊರಿನ ಗೋಡೆಗಳ ಮೇಲೆಲ್ಲ ಒಂದೇ ನಗೆ. ಹಲ್ಲಿನ ವೈದ್ಯರ ಬೋರ್ಡಿನಲ್ಲಿ, ವಿಮಾ ಕಚೇರಿಯ ಕಿಟಕಿಯಲ್ಲಿ, ಕಾಲೇಜಿನ ಸಿಬ್ಬಂದಿ ಕೋಣೆಯಲ್ಲಿ ಅದೇ ಸಮಾಧಾನದ ಕಿರುನಗೆ.

"ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಮುಖದಲ್ಲಿ ನೀನು, ಹಲ್ಲು ಕೀಳಿಸೋಕೆ ಹೋದರೆ ಡಾಕ್ಟರ್ ಮುಖದಲ್ಲೂ ನೀನೇ," ಎಂದು ಯಜಮಾನರು ಗೊಣಗುತ್ತಿದ್ದರು. "ಮನೆಯಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗಲಿ ಹೇಳು."

"ತಪ್ಪಿಸಿಕೊಳ್ಳೋರನ್ನ ನೋಡಿ. ಮೆಟ್ಟಿಲು ಇಳಿಯೋಕೇ ಮಂಡಿ ಹಿಡ್ಕೊಳ್ಳುತ್ತೆ ನಿಮಗೆ."

ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಚಿತ್ರಗಳನ್ನು ತಿದ್ದುತ್ತಿದ್ದವಳು ಯಜಮಾನರ ತಂಗಿ. ಅತ್ತಿಗೆ ತೆಗೆದ ಮುಖಗಳಿಂದ ಮೊಡವೆ, ಎದ್ದ ಕೂದಲು, ಕಾಲರಿನ ಸುಕ್ಕು ತೆಗೆಯುವುದು ಅವಳ ಪಾಲಿನ ಕೆಲಸ. ಗಂಡ ಹೆಂಡತಿ ಜಗಳವಾಡಿದಾಗ ಇಬ್ಬರಿಗೂ ಸರಿಯೆನಿಸುವಂತೆ ತಲೆಯಾಡಿಸುವುದೂ ಅವಳ ಪಾಲಿಗೇ ಬಂದಿತ್ತು.

ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತಿದ್ದಾಗ ನೀರು ಅಕ್ಕನ ತುಟಿಯ ಬಲತುದಿಯಿಂದ ತಾನಾಗಿ ಸೋರಿತು. ಪಕ್ಕದಲ್ಲಿ ಗಡ್ಡ ಹೆರೆಯುತ್ತಿದ್ದ ಯಜಮಾನರು ಕನ್ನಡಿಯಲ್ಲೇ ಅವಳನ್ನು ನೋಡಿದರು.

"ಯಾಕೆ ಹಾಗೆ ಅಣಕಿಸ್ತಿದ್ದೀಯ?"

"ನಿಮ್ಮನ್ನ ಅಣಕಿಸೋಕೆ ನನಗೆ ಪುರುಸೊತ್ತಿದೆಯಾ?" ಎಂದಳು. ಆದರೆ ಮಾತು ಬಾಯಿಯ ಒಂದೇ ಬದಿಯಿಂದ ಬಂತು. ಯಜಮಾನರು ಅರ್ಧ ಹೆರೆದ ಗಡ್ಡದಲ್ಲೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು.

ಪಾರ್ಶ್ವವಾಯುವಲ್ಲ ಎಂದು ವೈದ್ಯರು ಹೇಳಿದಾಗ ಗಂಡನಿಗೆ ಜೀವ ಬಂದಂತಾಯಿತು. ಮುಖದ ನರ ಊದಿಕೊಂಡಿದೆ, ಬಲಗಡೆಯ ಹುಬ್ಬು, ರೆಪ್ಪೆ, ತುಟಿ ಯಾವುದಕ್ಕೂ ಆಜ್ಞೆ ತಲುಪುತ್ತಿಲ್ಲ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ನಿಮಗೂ ಪೂರ್ತಿ ಸರಿಹೋಗುತ್ತದೆಂದು ಮಾತು ಕೊಡಲಾರೆ ಎಂದರು. ಮಾತ್ರೆ, ಕಣ್ಣಿಗೆ ಹನಿ, ಜೊತೆಗೆ ಮುಖಕ್ಕೆ ವ್ಯಾಯಾಮ. ವ್ಯಾಯಾಮ ಕಲಿಸಲು ಅದೇ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯ ಹುಡುಗಿಯೊಬ್ಬಳಿದ್ದಳು. ಕೋಲುಮುಖದವಳು, ಹಸನ್ಮುಖಿ, ಆದರೆ ಬಿಗಿ. ಅಕ್ಕ ಅವಳಿಗೆ ಮೊದಲ ದಿನವೇ ‘ಟೀಚರ್’ ಎಂದು ಹೆಸರಿಟ್ಟಳು.

"ಹುಬ್ಬು ಎತ್ತಿ, ಅಕ್ಕ."

"ಎತ್ತಿದೀನಲ್ಲ."

"ಎಡಗಡೆದು ಎತ್ತಿದ್ದೀರಿ. ಬಲಗಡೆದು ರಜೆ ಮೇಲಿದೆ. ಇನ್ನೊಂದು ಸಲ."

"ನಾನು ಊರಿನವರ ಮುಖ ತಿದ್ದೋಳು, ಟೀಚರ್. ಈಗ ನನ್ನ ಮುಖಕ್ಕೇ ಟ್ಯೂಷನ್ನು."

"ಹಾಗಾದರೆ ಬೇಗ ಕಲೀಬೇಕಲ್ಲ. ಕೆನ್ನೆ ಊದಿಸಿ."

ಮನೆಯಲ್ಲಿ ಸುಮ್ಮನೆ ಕೂತಿರಲಾರದೆ ಅಕ್ಕ ಬೇಗನೆ ಸ್ಟುಡಿಯೋಗೆ ಮರಳಿದಳು. ಬಂದವರು ಮೊದಲ ಕ್ಷಣ ಬೆಚ್ಚಿ, ಎರಡನೆಯ ಕ್ಷಣ ಕಾಣದಂತೆ ನಟಿಸುತ್ತಿದ್ದರು. ಅಕ್ಕನಿಗೆ ಅದರಿಂದ ನೋವಾಗಲಿಲ್ಲ. ತನ್ನ ಕೆಲಸ ಮುಖದ ಆಕಾರದಿಂದ ನಡೆಯುವುದಲ್ಲ, ಒಳಗಿನ ಸಮಾಧಾನದಿಂದ ನಡೆಯುವುದು ಎಂದೇ ಇಷ್ಟು ವರ್ಷ ಅವಳು ನಂಬಿದ್ದಳು. ಆ ಸಮಾಧಾನ ಎಲ್ಲಿಗೂ ಹೋಗಿರಲಿಲ್ಲ. ಎಂದಿನಂತೆ ಕ್ಯಾಮೆರಾ ಪಕ್ಕದಲ್ಲಿ ನಿಂತು, ಎಂದಿನಂತೆ ಒಳಗಿನಿಂದ ಸಡಿಲಗೊಂಡು ಗುಂಡಿ ಒತ್ತಿದಳು.

ಚಿತ್ರಗಳು ಕೆಡತೊಡಗಿದವು. ಕೆಟ್ಟದ್ದೇನೆಂದು ಹೇಳುವುದು ಮೊದಮೊದಲು ಕಷ್ಟವಾಗಿತ್ತು. ನೆರಳಿನ ಬದಿಯ ತುಟಿಯ ಕೊನೆ ಜೋತಂತೆ ಕಾಣುತ್ತಿತ್ತು. ನೆರಳು ಹೆಚ್ಚಾಗಿದೆಯೆಂದು ಅಕ್ಕ ಬಿಳಿ ಹಲಗೆಯನ್ನು ಹತ್ತಿರ ತಂದಳು. ಹೋಗಲಿಲ್ಲ. ದೀಪವನ್ನು ನೇರ ಮುಂದಕ್ಕೆ ತಂದಳು. ಮುಖಗಳೆಲ್ಲ ತಟ್ಟೆಯಂತೆ ಚಪ್ಪಟೆಯಾದವು, ತುಟಿ ಮಾತ್ರ ಜೋತೇ ಇತ್ತು. ಸ್ಟೂಲಿನ ಒಂದು ಕಾಲು ಗಿಡ್ಡವಿರಬೇಕೆಂದು ಅದರಡಿ ರಟ್ಟು ಮಡಿಸಿಟ್ಟಳು. ಕಡೆಗೆ ನೆಲವೇ ವಾಲಿದೆಯೆಂದು ಗಂಡನನ್ನು ಮೇಲಕ್ಕೆ ಕರೆದಳು.

"ನೆಲ ವಾಲಿದ್ದರೆ ಮೊದಲು ನಾನು ಉರುಳ್ತಿದ್ದೆ," ಎಂದು ಯಜಮಾನರು ಕೆಳಗಿಳಿದರು.

ಒಳಕೋಣೆಯಲ್ಲಿ ನಾದಿನಿ ಬಾಯಿ ಬಿಡದೆ ಒಂದೊಂದೇ ತುಟಿಯನ್ನು ಮೇಲೆತ್ತಿ ಕಳಿಸುತ್ತಿದ್ದಳು. ಕಾರಣ ಅವಳಿಗೆ ಮೊದಲ ವಾರದಲ್ಲೇ ಹೊಳೆದಿತ್ತು. ಹೇಳಲು ನಾಲಗೆ ಬರಲಿಲ್ಲ. ಹೇಳುವ ಸಂದರ್ಭ ತಂದವರು ವಿಮಾ ಕಚೇರಿಯ ಹೊಸ ಅಧಿಕಾರಿ. ಅವಸರವೆಂದು ತಿದ್ದದ ಚಿತ್ರವನ್ನೇ ಒಯ್ದಿದ್ದ ಅವರು ಮರುದಿನ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು.

"ಅಕ್ಕ, ನಿಜ ಹೇಳಿ, ನನಗೇನಾದರೂ ಆಗಿದೆಯಾ? ಫೋಟೋ ನೋಡಿ ನಮ್ಮಮ್ಮ ತಕ್ಷಣ ಆಸ್ಪತ್ರೆಗೆ ಹೋಗು ಅಂತಿದ್ದಾರೆ. ಹೋದೆ. ಅವರು ಏನೂ ಇಲ್ಲ ಅಂತಾರೆ. ನನ್ನ ಹೆಂಡತಿ, ಇವರು ಮೊದಲಿಂದಲೂ ಹೀಗೇ ಅಂತಾಳೆ. ಯಾರನ್ನ ನಂಬಲಿ?"

ನಾದಿನಿ ಒಳಗಿನಿಂದ ಕರೆದಳು. "ಅತ್ತಿಗೆ, ಸ್ವಲ್ಪ ಬನ್ನಿ."

ಕಂಪ್ಯೂಟರಿನ ಪರದೆಯ ಮೇಲೆ ಆ ತಿಂಗಳ ಮುಖಗಳನ್ನೆಲ್ಲ ಸಾಲಾಗಿ ಜೋಡಿಸಿದ್ದಳು. ತಿದ್ದದವು. ವಕೀಲರು, ಗ್ರಂಥಪಾಲಕಿ, ಪಶುವೈದ್ಯರು, ಕೆಲಸ ಹುಡುಕುವ ಹುಡುಗರು. ಎಲ್ಲರ ಎಡತುಟಿಯ ಕೊನೆಯೂ ಕೆಳಗೆ. ಎಡ ಹುಬ್ಬು ಸ್ತಬ್ಧ. ಅಕ್ಕನ ಬಲಗಡೆ ಸೋತದ್ದು ಅವರೆಲ್ಲರ ಎಡಗಡೆಗೆ, ಕನ್ನಡಿಯಲ್ಲಿ ಕಾಣುವಂತೆ, ಹೋಗಿ ಕೂತಿತ್ತು. ಅಕ್ಕ ಬಹಳ ಹೊತ್ತು ನೋಡಿದಳು.

"ಇದು ನಾನು," ಎಂದಳು.

"ನೀವೇ ಅತ್ತಿಗೆ. ಮೊದಲೂ ನೀವೇ ಇದ್ದಿದ್ದು."

ವಿಮಾ ಅಧಿಕಾರಿಯವರನ್ನು ಯಜಮಾನರು ಕೆಳಗೆ ಕೂರಿಸಿ, ಸಮಾಧಾನಕ್ಕೆಂದು ಅವರ ಕನ್ನಡಕದ ಸ್ಕ್ರೂ ಬಿಗಿ ಮಾಡಿಕೊಟ್ಟರು. ಮೇಲೆ ಅಕ್ಕ ದೀಪ ಆರಿಸಿ ಸ್ಟೂಲಿನ ಮೇಲೆ ಕೂತಿದ್ದಳು. ಸಮಾಧಾನವನ್ನು ಕೊಡುತ್ತಿದ್ದೇನೆಂದು ತಿಳಿದಿದ್ದವಳಿಗೆ ತಾನು ಕೊಡುತ್ತಿದ್ದುದು ಬರೀ ಮುಖ, ಅದೂ ಈಗ ಸೊಟ್ಟ ಮುಖ ಎಂಬುದು ಅರಗಲು ಸಮಯ ಹಿಡಿಯಿತು. ಅಷ್ಟರಲ್ಲೇ ಆಸ್ಪತ್ರೆಯ ಕೆಲಸ ಎದುರಿಗೆ ಬಂದು ನಿಂತಿತ್ತು. ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋಗುವುದಿತ್ತು. ಪ್ರವೇಶದ ಗೋಡೆಯ ಮೇಲೆ ಶಸ್ತ್ರವೈದ್ಯರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರ ಭಾವಚಿತ್ರ ಬೇಕಿತ್ತು. ರೋಗ ತಗಲುವ ಮೊದಲೇ ಅಕ್ಕ ಒಪ್ಪಿದ್ದ ಕೆಲಸ. ಆಕೆಯ ಬಾಳಿನ ಅತಿ ದೊಡ್ಡ ಕೆಲಸ.

"ಬೇರೆಯವರನ್ನ ಕರೆಸಿಕೊಳ್ಳಿ ಅಂತ ಹೇಳಿಬಿಡ್ತೀನಿ," ಎಂದಳು ಅಕ್ಕ. "ಆಸ್ಪತ್ರೆಗೆ ಬರೋ ರೋಗಿಗಳು ಬಾಗಿಲಲ್ಲೇ ಇಷ್ಟು ಸೊಟ್ಟ ಮುಖ ನೋಡಿದರೆ ಹಾಗೇ ಹಿಂದಕ್ಕೆ ಓಡಿಹೋಗ್ತಾರೆ. ಈ ಕೋಣೆಗೂ ಬೀಗ ಹಾಕೋದೇ. ಬೇಕಾದರೆ ಇದರಲ್ಲಿ ನೀವು ಕನ್ನಡಕದ ಡಬ್ಬ ಇಟ್ಕೊಳ್ಳಿ."

ಕೊನೆಯ ಮಾತು ಅವಳು ತಮಾಷೆಗೆ ಆಡಿದ್ದಲ್ಲವೆಂದು ಗಂಡನಿಗೆ ಗೊತ್ತಾಯಿತು. "ಮುಖ ತಾನೇ ಬೇಕು? ನಾನು ನಿಲ್ತೀನಿ ಬಾ," ಎಂದರು.

ಪರೀಕ್ಷೆಗೆ ಪಕ್ಕದ ದರ್ಜಿಯನ್ನು ಕೂರಿಸಿದರು. ಯಜಮಾನರು ಕ್ಯಾಮೆರಾ ಪಕ್ಕ ನಿಂತು ತಮಗೆ ತಿಳಿದ ಅತ್ಯಂತ ಪ್ರಸನ್ನ ಮುಖ ಮಾಡಿದರು. ಚಿತ್ರದಲ್ಲಿ ದರ್ಜಿ ಕತ್ತು ಮುಂದಕ್ಕೆ ಚಾಚಿ, ಕಣ್ಣು ಕಿರಿದು ಮಾಡಿ, ಕಣ್ಣು ಪರೀಕ್ಷೆಯ ಹಲಗೆಯ ಸಣ್ಣಕ್ಷರ ಓದಲು ಹೆಣಗುತ್ತಿರುವವನಂತೆ ಬಂದಿದ್ದ. ಆಮೇಲೆ ನಾದಿನಿ ನಿಂತಳು. ಮುಖಗಳ ಕಲೆ ಹುಡುಕಿ ಹುಡುಕಿ ಅಭ್ಯಾಸವಾದ ಅವಳ ನೋಟ ದರ್ಜಿಯ ಮೂಗಿನ ನರುಲಿಯ ಮೇಲೆ ನೆಟ್ಟಿತು. ಪ್ರತಿ ಚಿತ್ರದಲ್ಲೂ ದರ್ಜಿಯ ಕೈ ಮೂಗಿನ ಮೇಲಿತ್ತು.

"ನಿಮ್ಮ ಮನೆಯವರ ಮುಂದೆ ಕೂರೋದಕ್ಕಿಂತ ಅಳತೆ ತಪ್ಪಿದ ಗಿರಾಕಿ ಮುಂದೆ ನಿಲ್ಲೋದೇ ವಾಸಿ," ಎಂದು ದರ್ಜಿ ಎದ್ದು ಹೋದ. ಅಕ್ಕ ನಕ್ಕಳು. ಅರ್ಧ ಮುಖದಿಂದಲೇ ಆದರೂ, ಬಹಳ ದಿನಗಳ ಮೇಲೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕಾದ ಮೇಲೆ, ಮಾತು ಕೊಟ್ಟಾಗಿದೆ, ಒಂದು ದಿನ ಹೋಗಿ ನೋಡೋಣ, ಆಗದಿದ್ದರೆ ಅಲ್ಲೇ ಕೈಮುಗಿದು ಬರೋಣ ಎಂದು ಒಪ್ಪಿದಳು. ನಾದಿನಿ ನಿಲ್ಲುವುದು, ತಾನು ಕ್ಯಾಮೆರಾದ ಹಿಂದೆ ಬಗ್ಗಿ ಯಾರಿಗೂ ಮುಖ ತೋರಿಸದೆ ಇರುವುದು ಎಂದು ತೀರ್ಮಾನವಾಯಿತು.

ಆಸ್ಪತ್ರೆಯವರು ಅವರಿಗೆ ಫಿಸಿಯೋಥೆರಪಿಯ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ಅಷ್ಟು ಖಾಲಿ ಜಾಗ ಬೇರೆಲ್ಲೂ ಇರಲಿಲ್ಲ. ನಡೆಯಲು ಕಲಿಯುವವರು ಹಿಡಿದುಕೊಳ್ಳುವ ಉದ್ದನೆಯ ಕಂಬಿಗಳಿಗೆ ಪರದೆ ಕಟ್ಟಿದರು. ಸರದಿಯ ಉಸ್ತುವಾರಿ ಟೀಚರಳದು. ಒಬ್ಬರು ಕೂತಾಗ ಮುಂದಿನವರು ಬಾಗಿಲಲ್ಲಿ ಸಿದ್ಧವಾಗಿರಬೇಕೆಂದು ಅವಳ ಕಟ್ಟಪ್ಪಣೆ.

ಮೊದಲಿಗೆ ಬಂದವರು ಹಿರಿಯ ಶಸ್ತ್ರವೈದ್ಯರು. ಎದೆ ಸೆಟೆಸಿ, ದವಡೆ ಬಿಗಿದು ಕೂತರು. ನಾದಿನಿಯ ದೃಷ್ಟಿ ಅವರ ಕಿವಿಯ ಕೂದಲಿಗೆ ಹೋಯಿತು. ಅವರ ಕೈ ಕಿವಿಗೆ ಹೋಯಿತು. ಅಕ್ಕ ಕ್ಯಾಮೆರಾದ ಹಿಂದೆ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಕಾಯುತ್ತಿದ್ದ ಮುಖ್ಯ ದಾದಿಯ ದನಿ ಕೇಳಿತು.

"ಡಾಕ್ಟ್ರೇ, ಆಪರೇಷನ್ನಿಗಿಂತ ಜಾಸ್ತಿ ಹೊತ್ತು ಆಗ್ತಿದೆ. ಹೊಲಿಗೆ ಹಾಕಿ ಮುಗಿಸಿ."

ವೈದ್ಯರು ಆ ಕಡೆ ನೋಡಿದರು. ದವಡೆ ಸಡಿಲಿತು. ಅವರ ಮುಖದಲ್ಲಿ ತಪ್ಪು ಸಿಕ್ಕಿಬಿದ್ದವರ ಸಂಕೋಚ, ಬೈಸಿಕೊಂಡು ಅಭ್ಯಾಸವಾದವರ ಅಕ್ಕರೆ ಎರಡೂ ಒಟ್ಟಿಗೆ ಬಂದವು. ಅಕ್ಕ ಕಣ್ಣು ತೆರೆದದ್ದು ಆಗಲೇ. ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು:

"ದಾದಿಯಮ್ಮ, ಬಾಗಿಲಲ್ಲಿ ಬೇಡ. ಇಲ್ಲಿ ಬಂದು ನಿಲ್ಲಿ, ಕ್ಯಾಮೆರಾ ಪಕ್ಕ. ಇನ್ನಷ್ಟು ಬೈಯಿರಿ."

"ನಿಜವಾಗಿಯೂ ಬೈಯಬಹುದಾ?" ಎಂದರು ದಾದಿ.

"ಇಷ್ಟು ವರ್ಷ ಸುಳ್ಳಾಗಿ ಬೈದಿದ್ದಾ?" ಎಂದರು ವೈದ್ಯರು.

ಅಲ್ಲಿಂದ ಕೆಲಸದ ದಾರಿ ಸಿಕ್ಕಿತು. ಮುಖ್ಯ ದಾದಿ ಕೂತಾಗ ಪಕ್ಕದ ವಾರ್ಡಿನ ಹೊಸ ದಾದಿಯನ್ನು ಎದುರಿಗೆ ನಿಲ್ಲಿಸಿದರು. ಮುಖ್ಯ ದಾದಿಯ ಬಿಗಿ ಮುಖದಲ್ಲಿ ಯಾರೂ ಕಾಣದಿದ್ದ ತಾಯ್ತನ ತೇಲಿತು. ಹೊಸ ದಾದಿಯ ಎದುರಿಗೆ ಔಷಧ ಕೊಡುವಾತ. ಅವನ ಎದುರಿಗೆ ಅಡುಗೆಯಾತ. ಅಡುಗೆಯಾತನ ಎದುರಿಗೆ ಅವನ ಸಾರಿಗೆ ಸದಾ ಉಪ್ಪು ಸಾಲದೆನ್ನುವ ಲಿಫ್ಟಿನಾತ. ಆ ಚಿತ್ರದಲ್ಲಿ ಅಡುಗೆಯಾತನ ಹುಬ್ಬು ಏರಿ ಕೂತದ್ದು ಬಹುಕಾಲ ಎಲ್ಲರ ಬಾಯಲ್ಲಿತ್ತು. ಅಕ್ಕ ಬೆಳಕನ್ನಷ್ಟೇ ನೋಡಿಕೊಂಡಳು. ಕನ್ನಡಕದವರ ಗದ್ದ ಇಳಿಸಿದಳು, ರಾತ್ರಿಪಾಳಿ ಮುಗಿಸಿ ಬಂದವರ ಕಣ್ಣಡಿಯ ಕಪ್ಪಿಗೆ ಬೆಳಕು ತುಂಬುವಂತೆ ಹಲಗೆಯನ್ನು ಮಡಿಲ ಹತ್ತಿರ ಹಿಡಿಸಿದಳು, ಗೂನುಬೆನ್ನಿನ ಹಿರಿಯ ಆಯಾಳ ಭುಜವನ್ನು ಒಂದಿಷ್ಟು ತಿರುಗಿಸಿ ಬೆನ್ನನ್ನು ನೆರಳಿಗೆ ಒಪ್ಪಿಸಿದಳು. ಉಳಿದದ್ದನ್ನು ಅವರವರೇ ಒಬ್ಬರಿಗೊಬ್ಬರು ಮಾಡಿಕೊಂಡರು. ಒಂದು ಮುಖ ಇನ್ನೊಂದರಂತಿರಲಿಲ್ಲ. ಯಾವುದರಲ್ಲೂ ಅಕ್ಕ ಇರಲಿಲ್ಲ. ಸಮಾಧಾನವೇ, ಹೊಟ್ಟೆಕಿಚ್ಚೇ ಎಂದು ಅವಳಿಗೇ ತಿಳಿಯದ ಒಂದು ಭಾವದಲ್ಲಿ ಅವಳು ಗುಂಡಿ ಒತ್ತುತ್ತ ಹೋದಳು.

ಮಧ್ಯಾಹ್ನ ಇಳಿಯುವ ವೇಳೆಗೆ ಸರದಿ ಮುಗಿದು ಟೀಚರ್ ಒಬ್ಬಳೇ ಉಳಿದಳು. ತಮ್ಮ ಚಿತ್ರ ನೋಡಲೇಬೇಕೆಂದು ಹಟ ಹಿಡಿದ ಮುಖ್ಯ ದಾದಿ ನಾದಿನಿಯನ್ನು ತಮ್ಮ ಕೋಣೆಗೆ ಕರೆದೊಯ್ದಿದ್ದರು. ಉಳಿದವರೆಲ್ಲ ಕೆಲಸಕ್ಕೆ ಮರಳಿದ್ದರು.

"ನನ್ನ ಮುಂದೆ ಯಾರು ನಿಲ್ತಾರೆ?" ಟೀಚರ್ ಸ್ಟೂಲಿನ ಮೇಲೆ ಕೂತಳು.

"ನಾದಿನಿ ಬರಲಿ, ತಡಿ."

"ತಡೆಯೋಕಾಗಲ್ಲ, ಅಕ್ಕ. ಮಂಡಿ ನೋವಿನವರು ಹೊರಗೆ ಕಾಯ್ತಿದ್ದಾರೆ, ನೀವು ನನ್ನ ಕೋಣೆ ಆಕ್ರಮಿಸಿಕೊಂಡಿದ್ದೀರಿ. ನೀವೇ ನಿಲ್ಲಿ."

"ನಾನು ನಿಂತರೆ ನಿನ್ನ ಬಾಯಿ ವಾರೆಯಾಗುತ್ತೆ."

"ವಾರವಾರ ನಿಮ್ಮ ಮುಖ ನೋಡ್ತೀನಿ. ನನ್ನ ಬಾಯಿ ನೆಟ್ಟಗೇ ಇದೆ."

ಅಕ್ಕ ಕ್ಯಾಮೆರಾದ ಹಿಂದಿನಿಂದ ಕದಲಲಿಲ್ಲ. ಗೋಡೆಗೆ ಇನ್ನು ಬೇಕಾದುದು ಇದೊಂದೇ ಚಿತ್ರ. ಇವಳದು ಕೆಟ್ಟರೆ ಕೆಟ್ಟದ್ದು ಅಷ್ಟೇ ಎಂದು ತನಗೆ ತಾನು ಹೇಳಿಕೊಂಡಳು. ಆದರೆ ಇವಳದನ್ನೇ ಕೆಡಿಸಲು ಮನಸ್ಸಿರಲಿಲ್ಲ.

"ಬನ್ನಿ ಅಂದ್ನಲ್ಲ," ಎಂದಳು ಟೀಚರ್, ವ್ಯಾಯಾಮ ತಪ್ಪಿಸಿದಾಗ ಆಡುವ ದನಿಯಲ್ಲಿ.

ಅಕ್ಕ ಸೊಂಟ ನೆಟ್ಟಗೆ ಮಾಡಿಕೊಂಡು ಪಕ್ಕಕ್ಕೆ ಬಂದು ನಿಂತಳು. ಟೀಚರಳ ಕೋಲುಮುಖಕ್ಕೆ ದೀಪ ತುಸು ಕೆಳಗಿಳಿಯಬೇಕಿತ್ತು, ಇಳಿಸಿದಳು. ಭುಜ ತಿರುಗಿಸಿದಳು. ಗದ್ದ ಮುಂದೆ ತರಿಸಿದಳು. ಇನ್ನು ಮಾಡಲು ಬೇರೇನೂ ಉಳಿಯಲಿಲ್ಲ. ಗುಂಡಿಯನ್ನು ಅಂಗೈಯಲ್ಲಿ ಹಿಡಿದು, ಎಂದಿನಂತೆ, ತನ್ನ ಮುಖವನ್ನು ಸಡಿಲಿಸಿದಳು.

ಟೀಚರ್ ಮೊದಲು ಅವಳ ಬಾಯಿ ನೋಡಿದಳು. ಅಭ್ಯಾಸಬಲದಿಂದ ಕೆನ್ನೆಗೆ ಬಂದಳು, ರೆಪ್ಪೆಗೆ ಬಂದಳು. ಮೇಲೆ ಹೋದ ನೋಟ ಅಲ್ಲೇ ನಿಂತಿತು. ಅಕ್ಕ ಕಷ್ಟಪಟ್ಟು ಜೋಡಿಸಿದ ಭಂಗಿಯೆಲ್ಲ ಕದಡಿಹೋಯಿತು: ಭುಜ ಎದ್ದಿತು, ಕತ್ತು ನೀಳವಾಯಿತು, ಮೂಗಿನ ನೆರಳು ತುಟಿಗೆ ತಾಕಿತು, ಬಾಯಿ ಅರ್ಧ ತೆರೆಯಿತು. ಅಕ್ಕನ ಕಸುಬಿನ ಪಾಠದ ಪ್ರಕಾರ ಒತ್ತಬಾರದ ಗಳಿಗೆ. ಅಕ್ಕನ ಹೆಬ್ಬೆರಳು ಒತ್ತಿತು.

"ಇನ್ನೊಂದು ಸಲ ಮಾಡಿ," ಎಂದಳು ಟೀಚರ್ ಮೆಲ್ಲಗೆ.

"ತೆಗೆದಾಯ್ತಲ್ಲ."

"ಫೋಟೋ ಅಲ್ಲ. ಹುಬ್ಬು. ಈಗ ಎತ್ತಿದ್ರಿ."

"ನಾನೇನೂ ಎತ್ತಲಿಲ್ಲ."

"ಅದೇ ಅಕ್ಕ, ನೀವು ಎತ್ತಲಿಲ್ಲ, ಅದೇ ಎದ್ದಿತು. ಬಲಗಡೆದು."

ಅಕ್ಕ ಕೈಯೆತ್ತಿ ಬಲ ಹುಬ್ಬನ್ನು ಮುಟ್ಟಿಕೊಂಡಳು. ಬೆರಳ ಕೆಳಗೆ ಅದು ಮತ್ತೆ ಕದಲಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಗೋಡೆಯ ಉದ್ದಕ್ಕೂ ಆ ಕೋಣೆಯಲ್ಲಿ ಕನ್ನಡಿಗಳಿದ್ದವು. ಅಕ್ಕ ಆ ಕಡೆ ತಿರುಗಲಿಲ್ಲ. ಕ್ಯಾಮೆರಾದ ಹಿಂದಕ್ಕೆ ಹೋಗಿ ಈಗ ತೆಗೆದ ಚಿತ್ರವನ್ನು ತೆರೆದಳು. ಸಣ್ಣ ಪರದೆಯಲ್ಲಿ, ಕಾದು ಕಾದು ಸಾಕಾಗಿದ್ದ ದಾರಿಯಲ್ಲಿ ತನ್ನವರು ಬರುವುದನ್ನು ದೂರದಿಂದಲೇ ಗುರುತು ಹಿಡಿದವರ ಮುಖವೊಂದು ಇತ್ತು.

ಟೀಚರ್ ಬಂದು ಅವಳ ಹೆಗಲ ಮೇಲಿಂದ ಇಣುಕಿದಳು. "ಅಯ್ಯೋ, ಬಾಯಿ ಬಿಟ್ಟಿದೀನಿ. ಇದನ್ನ ಗೋಡೆಗೆ ಹಾಕಿದರೆ ರೋಗಿಗಳು ನನ್ನ ಹತ್ತಿರ ಬರ್ತಾರಾ? ಇನ್ನೊಂದು ತೆಗೀರಿ, ಸರಿಯಾಗಿ ಕೂರ್ತೀನಿ."

"ಬರ್ತಾರೆ," ಎಂದಳು ಅಕ್ಕ. "ಇದನ್ನ ನೋಡೇ ಬರ್ತಾರೆ. ಹೋಗು, ಮಂಡಿಯವರು ಕಾಯ್ತಿದ್ದಾರೆ."

ಟೀಚರ್ ಬಾಗಿಲು ತೆರೆದು ಹೊರಗಿನವರನ್ನು ಕೂಗಿದಳು. ಅಕ್ಕ ಇನ್ನೂ ಚಿತ್ರವನ್ನೇ ನೋಡುತ್ತಿದ್ದಳು.